ಗೋಧಿಯಿಲ್ಲದ ರೊಟ್ಟಿ: ಅದರ ಚರಿತ್ರೆಯೂ ಪಾಕವಿಧಾನವೂ

ಗೋಧಿ, ಬಾರ್ಲಿ, ರೈ ಎಂಬ ಮೂರು ಧಾನ್ಯಗಳಲ್ಲಿರುವ ಗ್ಲೂಟೆನ್ ಎಂಬ ಸಸಾರಜನಕ ಪದಾರ್ಥವು ಕೆಲವರ ದೇಹಕ್ಕೆ ವಿಷಪ್ರಾಯವಾಗಿ ಪರಿಣಮಿಸುತ್ತದೆ. ಅಂತಹವರ ಸಣ್ಣ ಕರುಳಿನ ಒಳಪೊರೆಯಲ್ಲಿರುವ, ಆಹಾರಸತ್ವವನ್ನು ಹೀರಿಕೊಳ್ಳುವ ಸೂಕ್ಷ್ಮವಾದ ಎಳೆಗಳು ಸವೆದು ಚಪ್ಪಟೆಯಾಗುತ್ತವೆ. ಉಂಡ ಅನ್ನ ಮೈಗೆ ಹತ್ತುವುದಿಲ್ಲ. ಇದನ್ನು ಸೀಲಿಯಾಕ್ ರೋಗವೆಂದು ವೈದ್ಯರು ಕರೆಯುತ್ತಾರೆ. ಇದಕ್ಕೆ ಗುಳಿಗೆಯಾಗಲಿ ಶಸ್ತ್ರಚಿಕಿತ್ಸೆಯಾಗಲಿ ಇಲ್ಲ. ಗ್ಲೂಟೆನ್ನನ್ನು ಆಜೀವವೂ ವರ್ಜಿಸುವುದೊಂದೇ ಉಪಾಯ. ಉತ್ತರ ಭಾರತಕ್ಕೆ ಹೋಲಿಸಿದರೆ ದಕ್ಷಿಣದಲ್ಲಿ ಈ ರೋಗವು ಬಹಳ ವಿರಳವೆಂದು 2016ರಲ್ಲಿ ಪ್ರಕಟವಾದ ಸಮೀಕ್ಷೆಯೊಂದು ತೋರಿಸಿದೆ. ವಿರಳವಾದುದರಿಂದಲೇ ನಮ್ಮ ಕಡೆ ಅದರ ಸಂದೇಹ ಬರುವುದೂ ತಡವಾಗಿ.

ಇತಿಹಾಸ ವಿಭಾಗದ ಸಂಚಿಕೆಯಲ್ಲಿ ಈ ವಿಷಯವೇಕೆಂದು ವಾಚಕರು ಕೇಳಬಹುದು. ನಮ್ಮ ಮನೆಯ ಆರು ವರ್ಷದ ಬಾಲಿಕೆಯೊಬ್ಬಳು ಎರಡು ವರ್ಷಕಾಲ ರಕ್ತಹೀನತೆಯಿಂದ ಬಳಲಿದಳು. ಕಬ್ಬಿಣದ ಔಷಧಿ, ಜಂತಿನ ಔಷಧಿ, ಹಸಿವಿನ ಔಷಧಿ ಎಲ್ಲವೂ ವ್ಯರ್ಥವಾದುವು. ಕಡೆಗೆ ರಕ್ತಪರೀಕ್ಷೆಯಿಂದಲೂ ಕರುಳಿನ ತುಣುಕಿನ ಪರೀಕ್ಷೆಯಿಂದಲೂ ಕಾರಣವು ಗೊತ್ತಾಯಿತು. ಅಂದಿನಿಂದ ಗೋಧಿಯಿಲ್ಲದ ರೊಟ್ಟಿಯನ್ನು ಮನೆಯಲ್ಲಿ ಮಾಡುವುದು ನಮಗೆ ಪುಸ್ತಕದ ವಿಷಯವಾಗಿ ಉಳಿಯಲಿಲ್ಲ. ಆದರೆ ಪುಸ್ತಕಗಳನ್ನು ತಿರುವಿಹಾಕುವ ಅಭ್ಯಾಸವು ಬಿಡುವಂತಹುದಲ್ಲವಾದ್ದರಿಂದ, ಅಡುಗೆಮನೆಯಲ್ಲಿ ಕಂಡದ್ದನ್ನೂ ಗ್ರಂಥಾಲಯದಲ್ಲಿ ಕಂಡದ್ದನ್ನೂ ಕೂಡಿಸಿ ಇಲ್ಲಿ ನಿರೂಪಿಸುತ್ತೇವೆ.

ಗ್ಲೂಟೆನ್ ಎಂದರೇನೆಂಬುದನ್ನು ಮೊದಲು ತಿಳಿಯಬೇಕು. ಹಳ್ಳಿಯ ಹುಡುಗರು ಹಸಿ ಗೋಧಿಯನ್ನು ಬಾಯಲ್ಲಿ ಬಹಳ ಹೊತ್ತು ಅಗಿದು ಅಂಟು ಮಾಡುವುದುಂಟು. ಅಗಿಯುತ್ತ ಹೋದಂತೆ ಪಿಷ್ಟವು ಕರಗಿ ಹೋಗಿ, ಎಳೆದರೆ ಹಿಗ್ಗುವ ಜಿಗುಟು ವಸ್ತುವೊಂದು ಉಳಿಯುತ್ತದೆ. ಅದೇ ಗ್ಲೂಟೆನ್. ಇಟಲಿಯ ಬೊಲೋನ್ಯಾ ನಗರದ ಬೆಕ್ಕಾರಿ ಎಂಬ ವಿದ್ವಾಂಸನು ಗೋಧಿಹಿಟ್ಟಿನ ಕಣಕವನ್ನು ನೀರಿನಲ್ಲಿ ತೊಳೆತೊಳೆದು ಈ ಎರಡು ಭಾಗಗಳನ್ನು ಬೇರ್ಪಡಿಸಿದುದನ್ನು ಕುರಿತ ವರದಿ 1745ರಲ್ಲಿ ಅಚ್ಚಾಯಿತು. ಆ ವಿದ್ವಾಂಸನು ನೀರಿನಲ್ಲಿ ಮಾಡಿದ್ದನ್ನು ನಮ್ಮ ಹುಡುಗರು ಹಲ್ಲಿನಲ್ಲಿ ಮಾಡುತ್ತಾರೆ, ಅಷ್ಟೇ ಭೇದ. ನಾದಿದ ಕಣಕದಲ್ಲಿ ಈ ಪದಾರ್ಥವು ಬಲೆಯಂತೆ ಹರಡಿಕೊಳ್ಳುತ್ತದೆ. ಹುದುಗು ಹುಟ್ಟಿಸಿದ ಗಾಳಿಯು ಆ ಬಲೆಯಲ್ಲಿ ಸಿಕ್ಕಿ, ಕಣಕವು ಉಬ್ಬುತ್ತದೆ. ಬ್ರೆಡ್ಡಿನ ಮೃದುತ್ವಕ್ಕೂ ಚಪಾತಿಯು ಹರಿಯದೆ ಮಡಿಚಿಕೊಳ್ಳುವುದಕ್ಕೂ ಇದೇ ಕಾರಣ. ಜೋಳ, ರಾಗಿ, ಸಜ್ಜೆ, ಅಕ್ಕಿಗಳಲ್ಲಿಯೂ ಸಸಾರಜನಕವಿದೆಯಾದರೂ ಅದು ಇಂತಹ ಬಲೆಯನ್ನು ನೇಯಲಾರದು.

ರೋಗದ ಚರಿತ್ರೆಯು ಇದಕ್ಕಿಂತ ಸೋಜಿಗದ್ದು. ಕಪಡೋಶಿಯಾದ ಅರಿಟಿಯಸ್ ಎಂಬ ಪ್ರಾಚೀನ ಗ್ರೀಕ್ ವೈದ್ಯನು ಹೊಟ್ಟೆಯನ್ನು ಸೂಚಿಸುವ ಗ್ರೀಕ್ ಮಾತಿನಿಂದಲೇ ಈ ಬಗೆಯ ಬೇನೆಯನ್ನು ಹೆಸರಿಸಿದ್ದನು. ಲಂಡನ್ನಿನ ಸ್ಯಾಮ್ಯುಯೆಲ್ ಗೀ ಎಂಬ ವೈದ್ಯನು 1887ರ ಉಪನ್ಯಾಸದಲ್ಲಿ ಅದನ್ನು ವಿಶದವಾಗಿ ವಿವರಿಸಿ, ಮರುವರ್ಷ ಪ್ರಕಟಿಸಿದನು. ರೋಗವು ಗುಣವಾಗುವುದಾದರೆ ಪಥ್ಯದಿಂದಲೇ ಆಗಬೇಕೆಂದು ಆತನು ಸರಿಯಾಗಿ ಊಹಿಸಿದ್ದನು. ಆದರೆ ಅಕ್ಕಿ ಸಬ್ಬಕ್ಕಿಗಳನ್ನು ನಿಷೇಧಿಸಿ, ತೆಳ್ಳಗೆ ಕೊಯ್ದು ಎರಡೂ ಕಡೆ ಚೆನ್ನಾಗಿ ಸುಟ್ಟ ಬ್ರೆಡ್ಡನ್ನು ಕೊಡಬಹುದೆಂದನು! ಅಮೃತವನ್ನು ತೆಗೆದಿಟ್ಟು ವಿಷವನ್ನು ಬಡಿಸಿದಂತಾಯಿತು. ಆತನ ಬಳಿ ಬಂದಿದ್ದ ಮಗುವೊಂದಕ್ಕೆ ದಿನವೂ ಸಮುದ್ರದ ಚಿಪ್ಪಿನ ಮಾಂಸವನ್ನು ತಿನ್ನಿಸಲು ಅದು ಚೇತರಿಸಿಕೊಂಡಿತು. ಚಿಪ್ಪಿನ ಕಾಲ ಮುಗಿಯುತ್ತಲೇ ಮತ್ತೆ ಬಿದ್ದಿತು. ಅಮೆರಿಕೆಯ ಸಿಡ್ನಿ ಹಾಸ್ ಎಂಬಾತನು 1924ರಲ್ಲಿ ಬಾಳೆಹಣ್ಣಿನ ಪಥ್ಯವನ್ನು ಪ್ರಚಾರಕ್ಕೆ ತಂದನು. ಮಕ್ಕಳು ಗುಣವಾದರು, ಯಶಸ್ಸು ಬಾಳೆಹಣ್ಣಿಗೆ ಸಂದಿತು. ಗುಣಕ್ಕೆ ಕಾರಣ ತಿಂದ ಬಾಳೆಹಣ್ಣಲ್ಲ, ಬಿಟ್ಟ ಬ್ರೆಡ್ಡು ಎಂಬುದು ಯಾರಿಗೂ ಹೊಳೆಯಲಿಲ್ಲ.

ಅದು ಹೊಳೆದದ್ದು ಹಾಲೆಂಡಿನ ಮಕ್ಕಳ ವೈದ್ಯ ವಿಲ್ಲೆಮ್ ಕಾರೆಲ್ ಡಿಕೆಗೆ. ಈತನ ಶೋಧವನ್ನು ಕುರಿತು ಒಂದು ಜನಪ್ರಿಯ ಕಥೆಯಿದೆ. 1944–45ರ ಚಳಿಗಾಲದಲ್ಲಿ ಜರ್ಮನರ ವಶದಲ್ಲಿದ್ದ ಹಾಲೆಂಡಿನಲ್ಲಿ ಘೋರ ಕ್ಷಾಮವುಂಟಾಗಿ, ಗೋಧಿ ಸಿಕ್ಕದೆ, ಜನರು ಟ್ಯೂಲಿಪ್ ಗಡ್ಡೆಗಳನ್ನು ತಿಂದರು. ಊರೆಲ್ಲ ಸೊರಗುತ್ತಿದ್ದಾಗ ಸೀಲಿಯಾಕ್ ಮಕ್ಕಳು ಮಾತ್ರ ಸುಧಾರಿಸಿದರಂತೆ. ಮತ್ತೆ ಬ್ರೆಡ್ಡು ಬರುತ್ತಲೇ ಮತ್ತೆ ಹಾಸಿಗೆ ಹಿಡಿದರಂತೆ. ಅದನ್ನು ಕಂಡ ಡಿಕೆಗೆ ಸತ್ಯವು ಮಿಂಚಿತೆಂದು ಕಥೆ. ಕ್ಷಾಮವು ನಿಜ, ಅದು ಆತನ ಅನುಮಾನವನ್ನು ಬಲಪಡಿಸಿರುವುದೂ ಸಂಭವನೀಯ. ಆದರೆ ಕಾಲಾನುಕ್ರಮವನ್ನು ಗಮನಿಸುವವರು ಈ ಕಥೆಯನ್ನು ಇದ್ದಂತೆ ಒಪ್ಪಲಾಗದು. ಡಿಕೆಯು 1930ರ ದಶಕದಲ್ಲಿಯೇ ಗೋಧಿಯಿಲ್ಲದ ಪಥ್ಯವನ್ನು ಪರೀಕ್ಷಿಸಲಾರಂಭಿಸಿದ್ದನು. 1941ರಲ್ಲಿ, ಎಂದರೆ ಕ್ಷಾಮಕ್ಕೆ ಮೂರು ವರ್ಷ ಮೊದಲೇ, ಅದನ್ನು ಕುರಿತು ಲೇಖನವನ್ನೂ ಪ್ರಕಟಿಸಿದ್ದನು. ಬ್ರೆಡ್ಡನ್ನು ನಿಲ್ಲಿಸಿದರೆ ತನ್ನ ಮಗುವಿನ ಮೈಮೇಲಿನ ದದ್ದು ಇಳಿಯುತ್ತದೆಂದು ಒಬ್ಬ ತಾಯಿ ಆತನಿಗೆ ಹೇಳಿದ್ದುದು ಈ ಯೋಚನೆಗೆ ಮೂಲವೆಂದು ಆತನ ಚರಿತ್ರೆಯನ್ನು ಬರೆದವರು ತಿಳಿಸಿದ್ದಾರೆ. ಆ ತಾಯಿಯ ಹೆಸರು ಪ್ರಸಿದ್ಧವಾಗಲಿಲ್ಲ. ಯುದ್ಧಾನಂತರ ಡಿಕೆಯು 1950ರಲ್ಲಿ ಉಟ್ರೆಕ್ಟ್ ವಿಶ್ವವಿದ್ಯಾನಿಲಯಕ್ಕೆ ಪ್ರಬಂಧವನ್ನು ಅರ್ಪಿಸಿದನು. ಬಳಿಕ ವಾನ್ ಡೆ ಕಾಮರ್, ವೇಯರ್ಸ್ ಎಂಬಿಬ್ಬರೊಡನೆ ಕೂಡಿ, ಗೋಧಿಯ ಪಿಷ್ಟವು ನಿರುಪದ್ರವಿ, ಗ್ಲೂಟೆನ್ನೇ ಅಪರಾಧಿ ಎಂಬುದನ್ನು ತೋರಿಸಿಕೊಟ್ಟನು.

ಯೂರೋಪಿನಲ್ಲಿ ರೊಟ್ಟಿಯೆಂದರೆ ಗೋಧಿ ಅಥವಾ ರೈ. ಆದುದರಿಂದ ಅಲ್ಲಿ ಗ್ಲೂಟೆನ್ ಇಲ್ಲದ ರೊಟ್ಟಿಯು ಹೊಸದಾಗಿ ಶೋಧಿಸಬೇಕಾದ ಪದಾರ್ಥವಾಯಿತು. ನಮ್ಮ ನಾಡಿನ ಸ್ಥಿತಿ ಬೇರೆ. ಬಳ್ಳಾರಿಯ ಸಮೀಪದ ಸಂಗನಕಲ್ಲು, ತುಂಗಭದ್ರಾ ತೀರದ ಹಳ್ಳೂರು ಮೊದಲಾದ ನವಶಿಲಾಯುಗದ ನೆಲೆಗಳಲ್ಲಿ ದೊರೆತ ಕರಿಕಾದ ಕಾಳುಗಳಲ್ಲಿ ಕೊರಲೆಯಂತಹ ಕಿರುಧಾನ್ಯಗಳೂ ಹುರುಳಿ ಹೆಸರುಗಳೂ ಪ್ರಧಾನವಾಗಿವೆ. ಗೋಧಿ ಬಾರ್ಲಿಗಳಿದ್ದರೂ ಅಲ್ಪ. ಜೋಳ ರಾಗಿಗಳು ಆಫ್ರಿಕೆಯಲ್ಲಿ ಹುಟ್ಟಿ ಇಲ್ಲಿಗೆ ಬಂದವು. ಹಳ್ಳೂರಿನಲ್ಲಿ ರಾಗಿಯೆಂದು ಮೊದಲು ಗುರುತಿಸಲಾದ ಕಾಳುಗಳ ವಿಷಯದಲ್ಲಿ ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯವಿದೆ. ಅದು ಪ್ರಕೃತಕ್ಕೆ ಬೇಡ. ಜೋಳವು ಒಮ್ಮೆ ನಮ್ಮ ಕರಿಯ ನೆಲದಲ್ಲಿ ನೆಲೆಯೂರಿದ ಮೇಲೆ ಬಡವ ಬಲ್ಲಿದರೆನ್ನದೆ ಉತ್ತರ ಕರ್ನಾಟಕದ ನಿತ್ಯದ ಅನ್ನವಾಯಿತು.

ಆದರೂ ಹಳೆಯ ಪಾಕಗ್ರಂಥಗಳಲ್ಲಿ ಅದಕ್ಕೆ ಸಿಕ್ಕಿರುವ ಮರ್ಯಾದೆ ಸ್ವಲ್ಪ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದಲ್ಲಿ ರಚಿಸಿದ ಮಾನಸೋಲ್ಲಾಸದ ಅನ್ನಭೋಗ ಪ್ರಕರಣದಲ್ಲಿ ಗೋಧಿಯನ್ನು ತೊಳೆದು, ಒಣಗಿಸಿ, ಬೀಸಿ, ಜರಡಿಯಾಡಿ, ತುಪ್ಪ ಉಪ್ಪುಗಳೊಡನೆ ನಾದಿ ಮಂಡಕವನ್ನು ಮಾಡುವ ಕ್ರಮವಿದೆ. ಬೆಳಗಾವಿಯ ಮಂಡಿಗೆ ಅದರ ಸಂತತಿಯೆನ್ನಬಹುದು. ಅರಸನ ಹರಿವಾಣಕ್ಕೆ ಬಂದುದನ್ನು ಬರೆದಿಟ್ಟರು. ದಿನವೂ ಬೆಳಗಿನಲ್ಲಿ ಲಕ್ಷಾಂತರ ಒಲೆಗಳ ಮುಂದೆ ಬಡಿಯುತ್ತಿದ್ದ ರೊಟ್ಟಿಯ ವಿಧಾನವು ಕೈಯಿಂದ ಕೈಗೆ ಬಂದಿತೇ ಹೊರತು ಓಲೆಗೆ ಏರಲಿಲ್ಲ. ಆದಕಾರಣ ಈ ಭಾಗಕ್ಕೆ ನಮ್ಮ ಆಧಾರವು ವಿಜಯಪುರದ ಕಡೆಯ ತವರಿನವರಾದ ನಮ್ಮ ತಾಯಿಯವರ ಕೈಗಳೇ.

ಅವರು ಹಿಟ್ಟಿಗೆ ತಣ್ಣೀರು ಹಾಕುವುದಿಲ್ಲ. ಮೊದಲು ಎಸರು ಕುದಿಯಬೇಕು. ಪರಾತದಲ್ಲಿ ಹಿಟ್ಟನ್ನು ಸುರಿದು, ನಡುವೆ ಗುಳಿ ಮಾಡಿ, ಉಪ್ಪು ಬೆರೆಸಿದ ಕುದಿಯುವ ನೀರನ್ನು ಹೊಯ್ದು, ಕಟ್ಟಿಗೆಯಿಂದ ಕಲಸಿ, ಕೈ ತಾಳುವಷ್ಟು ಆರಿದ ಮೇಲೆ ಒಂದೊಂದೇ ರೊಟ್ಟಿಗಾಗುವಷ್ಟು ಹಿಟ್ಟನ್ನು ಎಳೆದುಕೊಂಡು ಅಂಗೈಯ ಬುಡದಿಂದ ಒತ್ತಿ ನಾದುತ್ತಾರೆ. ಇದರ ಒಳಗುಟ್ಟು ಹೀಗಿದೆ: ಜೋಳದ ಪಿಷ್ಟದ ಕಣಗಳು ಸುಮಾರು 70 ಡಿಗ್ರಿ ಸೆಂಟಿಗ್ರೇಡ್ ಉಷ್ಣದಲ್ಲಿ ನೀರನ್ನು ಹೀರಿ, ಉಬ್ಬಿ, ಒಡೆದು ಗಂಜಿಯಾಗುತ್ತವೆ. ಆ ಗಂಜಿಯೇ ಉಳಿದ ಹಿಟ್ಟನ್ನು ಹಿಡಿದು ಕಟ್ಟುವ ಗಾರೆ. ಗೋಧಿಯಲ್ಲಿ ಗ್ಲೂಟೆನ್ ಮಾಡುವ ಕೆಲಸವನ್ನು ಇಲ್ಲಿ ಕುದಿನೀರು ಮಾಡಿಸುತ್ತದೆ. ನೀರು ಕುದಿಯದಿದ್ದರೆ ರೊಟ್ಟಿಯ ಅಂಚು ಒಡೆಯುತ್ತದೆ. ಹೆಚ್ಚಾದರೆ ಹಿಟ್ಟು ಕೈಗೆ ಮೆತ್ತುತ್ತದೆ. ಹಂಚಿಗೆ ಹಾಕಿದೊಡನೆ ಮೇಲುಮೈಗೆ ಒದ್ದೆ ಬಟ್ಟೆಯಿಂದ ನೀರು ಸವರುತ್ತಾರೆ. ಇದರಿಂದ ಒಣಹಿಟ್ಟು ತೊಯ್ದು, ಮೇಲೊಂದು ಪದರವು ಕಟ್ಟುತ್ತದೆ. ಮಗುಚಿ ಹಾಕಿದಾಗ ಒಳಗಿನ ಆವಿಗೆ ಹೊರಹೋಗಲು ದಾರಿಯಿಲ್ಲದೆ ರೊಟ್ಟಿಯು ಪುರಿಯಂತೆ ಉಬ್ಬುತ್ತದೆ.

ಹಿಟ್ಟು ಹಳತಾದರೆ ಈ ಯಾವ ಜಾಣ್ಮೆಯೂ ಸಾಗದು. ಒಮ್ಮೆ ನಾವು ತಿಂಗಳಿಗಾಗುವಷ್ಟು ಹಿಟ್ಟನ್ನು ಒಟ್ಟಿಗೆ ತಂದಿಟ್ಟಾಗ ಮೂರನೆಯ ವಾರಕ್ಕೆ ರೊಟ್ಟಿಗಳು ಬಡಿಯುವಾಗಲೇ ಬಿರಿಯತೊಡಗಿದುವು. "ಹಿಟ್ಟಿನ ಜಿಗಿ ಹೋಗೇದ, ಹೊಸಾದ್ ಬೀಸಿಸ್ಕೊಂಡ್ ಬಾ" ಎಂದು ತಾಯಿಯವರು ತೀರ್ಪಿತ್ತರು. ಜಿಗಿ ಎಂಬ ಈ ಮಾತು ಗ್ಲೂಟೆನ್ ಎಂಬುದಕ್ಕೆ ಬಹಳ ಸಮೀಪವಾದುದು. ಆ ಲ್ಯಾಟಿನ್ ಶಬ್ದಕ್ಕೂ ಅಂಟು ಎಂದೇ ಅರ್ಥ. ಇಲ್ಲದ ಗ್ಲೂಟೆನ್ನಿಗೆ ಬದಲಾಗಿ ಇರುವ ಜಿಗಿಯನ್ನು ಕಾಪಾಡಿಕೊಳ್ಳುವ ವಿದ್ಯೆ ನಮ್ಮ ಹೆಂಗಸರಲ್ಲಿ ಹಿಂದಿನಿಂದಲೂ ಇದೆ. ಹಿಂಗಾರಿ ಬಿಳಿಜೋಳದಲ್ಲಿ, ಅದರಲ್ಲಿಯೂ ಮಾಲದಂಡಿಯಲ್ಲಿ, ಅದು ಹೆಚ್ಚೆಂಬುದು ಅವರ ಅನುಭವ.

ಉಬ್ಬಿದ, ಹುದುಗಿದ ರೊಟ್ಟಿಯ ಮಾತು ಬಂದಾಗಲೂ ನಮ್ಮ ಅಡುಗೆಮನೆ ಬರಿಗೈಯದಲ್ಲ. ಇಡ್ಡಲಿಗೆಯ ಹೆಸರು ಹತ್ತನೆಯ ಶತಮಾನದ ವಡ್ಡಾರಾಧನೆಯಲ್ಲಿಯೇ ಬಂದಿದೆ. ಅಕ್ಕಿ ಉದ್ದುಗಳ ಹಿಟ್ಟಿನಲ್ಲಿ ಗ್ಲೂಟೆನ್ ಇಲ್ಲ. ಗಾಳಿಯನ್ನು ಹಿಡಿದಿಡುವುದು ಉದ್ದಿನ ಲೋಳೆ. ಬ್ರೆಡ್ಡಿಗೆ ಬೇಕಾದ ಸಲಕರಣೆಯೂ ಇಂತಹ ಒಂದು ಲೋಳೆಯೇ ಎಂಬುದನ್ನು ನಾವು ಎರಡು ಬ್ರೆಡ್ಡುಗಳನ್ನು ಕೆಡಿಸಿದ ಮೇಲೆ ಅರಿತೆವು. ಮೊದಲನೆಯದನ್ನು ಬರಿಯ ಜೋಳದ ಹಿಟ್ಟಿನಿಂದ ಮಾಡಿದ್ದೆವು, ಅದು ಇಟ್ಟಿಗೆಯಾಯಿತು. ಎರಡನೆಯದು ಚೆನ್ನಾಗಿಯೇ ಉಬ್ಬಿತ್ತು. ಬಾಲಿಕೆಯ ಆತುರಕ್ಕೆ ಸೋತು ಬಿಸಿಯಾಗಿದ್ದಾಗಲೇ ಕೊಯ್ದೆವು. ಒಳಗೆಲ್ಲ ಅಂಟಂಟಾದ ಮುದ್ದೆ. ಗ್ಲೂಟೆನ್ ಇಲ್ಲದ ಬ್ರೆಡ್ಡಿನಲ್ಲಿ ಪಿಷ್ಟವು ಆರಿ ಗಟ್ಟಿಯಾಗುವುದೂ ಪಾಕದ ಒಂದು ಘಟ್ಟವೇ ಆಗಿರುತ್ತದೆ.

ಈಗ ನಮ್ಮಲ್ಲಿ ನಡೆಯುವ ಕ್ರಮವಿದು. ಜೋಳದ ಹಿಟ್ಟು 200 ಗ್ರಾಂ, ಅಕ್ಕಿಹಿಟ್ಟು 100 ಗ್ರಾಂ, ಮರಗೆಣಸಿನ ಪಿಷ್ಟ 100 ಗ್ರಾಂ. ಇದರಲ್ಲಿ 50 ಗ್ರಾಂ ಜೋಳದ ಹಿಟ್ಟನ್ನು ತೆಗೆದು, 150 ಮಿಲಿಲೀಟರ್ ಕುದಿಯುವ ನೀರಿನಲ್ಲಿ ಗಂಟಿಲ್ಲದಂತೆ ಕದಡಿ ಆರಲು ಬಿಡಬೇಕು. ಇದು ರೊಟ್ಟಿಯಿಂದ ಕಲಿತ ಪಾಠ. ಔಷಧಿ ಅಂಗಡಿಯಲ್ಲಿ ದೊರೆಯುವ ಇಸಬಗೋಲಿನ ಹೊಟ್ಟು 20 ಗ್ರಾಮನ್ನು 200 ಮಿಲಿಲೀಟರ್ ಉಗುರುಬೆಚ್ಚಗಿನ ನೀರಿನಲ್ಲಿ ಹತ್ತು ನಿಮಿಷ ನೆನೆಯಿಸಿದರೆ ಗಟ್ಟಿ ಲೋಳೆಯಾಗುತ್ತದೆ. ಬಲೆಯ ಕೆಲಸ ಇದರದು. ಇನ್ನು 80 ಮಿಲಿಲೀಟರ್ ಬೆಚ್ಚನೆಯ ನೀರಿನಲ್ಲಿ ಒಂದು ಚಮಚ ಸಕ್ಕರೆಯನ್ನೂ 7 ಗ್ರಾಂ ಒಣ ಯೀಸ್ಟನ್ನೂ ಹಾಕಿ ನೊರೆ ಬರುವವರೆಗೆ ಕಾಯಬೇಕು. ಎಲ್ಲವನ್ನೂ 8 ಗ್ರಾಂ ಉಪ್ಪು, ಎರಡು ಚಮಚ ಎಣ್ಣೆಗಳೊಡನೆ ಕೂಡಿಸಿ ಐದು ನಿಮಿಷ ಮಿದಿಯಬೇಕು. ಗೋಧಿಯ ಕಣಕದಂತೆ ಬಹಳ ಹೊತ್ತು ನಾದುವುದರಿಂದ ಲಾಭವಿಲ್ಲ. ನಾದಿ ಬೆಳೆಸಬೇಕಾದ ಬಲೆಯೇ ಇಲ್ಲಿಲ್ಲ. ಒದ್ದೆಗೈಯಿಂದ ಉದ್ದನೆಯ ಮುದ್ದೆ ಮಾಡಿ, ಎಣ್ಣೆ ಸವರಿದ ಅಚ್ಚಿನಲ್ಲಿಟ್ಟು ಮುಚ್ಚಿಡಬೇಕು. ಧಾರವಾಡದ ಹವೆಯಲ್ಲಿ ಮುಕ್ಕಾಲು ಗಂಟೆಯಿಂದ ಒಂದು ಗಂಟೆ ಹಿಡಿಯುತ್ತದೆ, ಮಳೆಗಾಲದ ಚಳಿಯಲ್ಲಿ ಇನ್ನೂ ಹೆಚ್ಚು. ಒಮ್ಮೆ ಉಬ್ಬಿದುದನ್ನು ಗುದ್ದಿ ಮತ್ತೆ ಉಬ್ಬಿಸುವ ಗೋಧಿಯ ಪದ್ಧತಿಯನ್ನು ಇಲ್ಲಿ ಅನುಸರಿಸಬಾರದು. ಮೊದಲೇ ಕಾಯಿಸಿದ 200 ಡಿಗ್ರಿ ಉಷ್ಣದ ಒಲೆಯಲ್ಲಿ ಒಂದು ಗಂಟೆ ಬೇಯಿಸಿ, ಅಚ್ಚಿನಿಂದ ತೆಗೆದು, ಎರಡು ಗಂಟೆಯಾದರೂ ಆರಿಸಿ ಕೊಯ್ಯಬೇಕು. ಮರುದಿನಕ್ಕೆ ಒಣಗುತ್ತದೆ, ಕಾಯಿಸಿಕೊಂಡು ತಿನ್ನುವುದು ಲೇಸು. ಪೇಟೆಯ ಬ್ರೆಡ್ಡಿಗೆ ಇದು ಸಮವೆಂದು ನಾವು ಹೇಳಲಾರೆವು. ಜೋಳದ ರೊಟ್ಟಿಗೂ ಇದು ಸಮವಲ್ಲ. ಆದರೆ ಆರು ವರ್ಷದವರಿಗೆ ಸಹಪಾಠಿಗಳ ಡಬ್ಬಿಯಲ್ಲಿದ್ದುದೇ ತಮ್ಮ ಡಬ್ಬಿಯಲ್ಲಿಯೂ ಇರಬೇಕು.

ಇಷ್ಟೆಲ್ಲ ಆದರೂ ಎಂಟು ತಿಂಗಳ ಬಳಿಕ ಮಾಡಿಸಿದ ರಕ್ತಪರೀಕ್ಷೆಯಲ್ಲಿ ದೋಷವು ಇಳಿದಿರಲಿಲ್ಲ. ಮನೆಯಲ್ಲಿ ಗೋಧಿಯ ಒಂದು ಕಾಳೂ ಇರಲಿಲ್ಲ. ಬಾಲಿಕೆ ಹೊರಗೆ ಕದ್ದು ತಿನ್ನುತ್ತಿರುವಳೆಂಬ ಸಂದೇಹವನ್ನು ಹಿರಿಯರು ವ್ಯಕ್ತಪಡಿಸಿದರು. ನಾವೂ ಒಂದು ದಿನ ಗದರಿಸಿದೆವು. ಅದನ್ನು ನೆನೆದರೆ ಈಗಲೂ ನಾಚಿಕೆಯಾಗುತ್ತದೆ. ತಪ್ಪು ಅವಳದಾಗಿರಲಿಲ್ಲ. ನಾವು ಜೋಳ ಬೀಸಿಸುತ್ತಿದ್ದ ಗಿರಣಿಯಲ್ಲಿ ನಮ್ಮ ಸರದಿಗೆ ಮುಂಚೆ ಯಾರದೋ ಗೋಧಿ ಬೀಳುತ್ತಿತ್ತು. ಕಲ್ಲಿನ ಸಂದುಗಳಲ್ಲಿ, ಹಿಟ್ಟು ಸುರಿಯುವ ಬಟ್ಟೆಯ ಚೀಲದಲ್ಲಿ ಉಳಿದ ಗೋಧಿಹಿಟ್ಟು ನಮ್ಮ ಡಬ್ಬಿಗೆ ಬರುತ್ತಿತ್ತು. ಗ್ಲೂಟೆನ್‌ರಹಿತವೆಂದು ಹೆಸರಿಸುವ ಆಹಾರದಲ್ಲಿ ಕಿಲೋಗ್ರಾಮಿಗೆ 20 ಮಿಲಿಗ್ರಾಮಿಗಿಂತ ಹೆಚ್ಚು ಗ್ಲೂಟೆನ್ ಇರಕೂಡದೆಂಬುದು ಅಂತರರಾಷ್ಟ್ರೀಯವಾಗಿಯೂ ನಮ್ಮ ದೇಶದಲ್ಲಿಯೂ ನಿಗದಿಯಾದ ಮಿತಿ. ಗೋಧಿಹಿಟ್ಟಿನ ಸುಮಾರು ಹತ್ತನೆಯ ಒಂದು ಭಾಗ ಗ್ಲೂಟೆನ್ ಎಂದು ಲೆಕ್ಕ ಹಿಡಿದರೆ, ಒಂದು ಕಿಲೋಗ್ರಾಂ ಜೋಳದ ಹಿಟ್ಟಿಗೆ 0.2 ಗ್ರಾಂ ಗೋಧಿಹಿಟ್ಟು ಬಿದ್ದರೆ ಮಿತಿ ಮುಟ್ಟಿತು. ಕಾಳಿನ ಲೆಕ್ಕದಲ್ಲಿ ಅದು ಐದಾರು ಕಾಳು. ಗಿರಣಿಯವರು ಸಜ್ಜನರು, ನಮಗಾಗಿ ಕಲ್ಲನ್ನು ಬಿಚ್ಚಿ ಜಾಡಿಸಿಯೂ ಕೊಟ್ಟರು. ಆದರೆ ಜಾಡಿಸುವುದರಿಂದ ಸಾಧ್ಯವಾಗುವ ಶುದ್ಧಿ ಇದಲ್ಲ.

ಎರಡನೆಯ ದಾರಿ ಇಂಗು. ಅಂಗಡಿಯ ಇಂಗು ಶುದ್ಧ ರಸವಲ್ಲ. ಗೋಂದು ಮತ್ತು ಹಿಟ್ಟುಗಳೊಡನೆ ಕೂಡಿಸಿದ್ದು. ಆ ಹಿಟ್ಟು ಕೆಲವದರಲ್ಲಿ ಅಕ್ಕಿಯದು, ಅನೇಕದರಲ್ಲಿ ಗೋಧಿಯದು. ಸಾರಿನ ಒಗ್ಗರಣೆಯ ಮೂಲಕ ಅದು ದಿನವೂ ಒಳಹೊಕ್ಕಿತ್ತು. ಹೆಸರುಗಳ ಗೊಂದಲವೂ ಕಡಮೆಯದಲ್ಲ. ನಿಘಂಟಿನಲ್ಲಿ ಜವೆಗೋಧಿಯೆಂದರೆ ಬಾರ್ಲಿ. ನಮ್ಮ ಕಡೆಯ ರೈತರು ಸದಕವೆಂದೂ ಕಪಲಿಯೆಂದೂ ಕರೆಯುವ ಹಳೆಯ ತಳಿಯ ಗೋಧಿಗೂ ಅದೇ ಹೆಸರು. ಹಳೆಯ ತಳಿಯಾದುದರಿಂದ ಅದು ನಿರಪಾಯವೆಂದು ನಂಬಿ ನಮ್ಮ ಬಂಧುಗಳು ಪ್ರೀತಿಯಿಂದ ಅದರ ಹುಗ್ಗಿಯನ್ನು ಕಳುಹಿಸಿದ್ದರು. ಯಾವ ಅರ್ಥದಲ್ಲಿ ತೆಗೆದುಕೊಂಡರೂ ಜವೆಗೋಧಿಯಲ್ಲಿ ಗ್ಲೂಟೆನ್ ಇದ್ದೇ ಇರುತ್ತದೆ.

ಈಗ ಜೋಳವನ್ನು ಕಾಳಿನ ರೂಪದಲ್ಲಿಯೇ ಕೊಂಡು, ಮೊರದಲ್ಲಿ ಕೇರಿ, ಬಿಳಿಯ ದುಂಡು ಕಾಳುಗಳ ನಡುವೆ ಉದ್ದನೆಯ ಗೋಧಿ ಕಾಳು ಅಡಗಿದೆಯೇ ಎಂದು ಬಟ್ಟೆಯ ಮೇಲೆ ಹರವಿ ಆರಿಸುತ್ತೇವೆ. ಒಂದು ಚೀಲದಲ್ಲಿ ಹನ್ನೊಂದು ಸಿಕ್ಕಿದ್ದುವು. ತೊಳೆದು ಒಣಗಿಸಿ, ವಾರಕ್ಕೊಮ್ಮೆ ಮನೆಯಲ್ಲಿಯೇ ಚಿಕ್ಕ ವಿದ್ಯುತ್ ಗಿರಣಿಯಲ್ಲಿ ಬೀಸುತ್ತೇವೆ. ಜಿಗಿಯೂ ಉಳಿಯುತ್ತದೆ. ಮುಂದಿನ ವರ್ಷದ ಪರೀಕ್ಷೆಯಲ್ಲಿ ರಕ್ತದ ದೋಷವು ಇಳಿದಿತ್ತು. ಬಾಲಿಕೆಯ ಎತ್ತರವು ಗೋಡೆಯ ಮೇಲಿನ ಗೆರೆಯಿಂದ ನಾಲ್ಕು ಬೆರಳು ಮೇಲೇರಿತ್ತು. ಗಿರಣಿಯನ್ನು ಕೊಳ್ಳುವ ಮೊದಲು ಅಜ್ಜಿಯವರ ಬೀಸುಕಲ್ಲನ್ನೇ ಬಳಸೋಣವೆಂದು ಅದನ್ನು ಹಳ್ಳಿಯಿಂದ ತರಿಸಿದ್ದೆವು. ನಾಲ್ಕು ತಲೆಮಾರು ಅದರಲ್ಲಿ ಜೋಳದೊಡನೆ ಹಬ್ಬದ ಗೋಧಿಯನ್ನೂ ಬೀಸಿದ್ದರೆಂದು ತಾಯಿಯವರು ನೆನಪು ಮಾಡಿದುದರಿಂದ ಅದು ಪಡಸಾಲೆಯ ಮೂಲೆಯಲ್ಲಿಯೇ ಉಳಿದಿದೆ. ಹೊಸ ಗಿರಣಿಯ ಮೇಲೆ ಬಾಲಿಕೆಯು "ಜೋಳ, ಅಕ್ಕಿ ಮಾತ್ರ" ಎಂದು ಕೆಂಪು ಅಕ್ಷರಗಳಲ್ಲಿ ಬರೆದು ಅಂಟಿಸಿದ್ದಾಳೆ.